ಎಲ್ಲಾ ಸರಿಹೋಗತ್ತೆ ಅಂದವಳು ನಾನು

ಮೇಘನಾ, ಆಶ್‌ಬರ್ನ್‌ನ ಕನ್ನಡ ಕೂಟದಲ್ಲಿ ನಿನ್ನನ್ನ ಮೊದಲು ನೋಡಿದಾಗ ನಿನಗೆ ಎರಡು ಜಡೆ, ಕೈಯಲ್ಲಿ ಅರ್ಧ ತಿಂದ ಹೋಳಿಗೆ. ಈಗ ನೋಡಿದರೆ ನಾನು ಬಿಟ್ಟ ಕುರ್ಚಿಗೇ ಬಂದು ಕೂತ್ಕೋತಿದ್ದೀಯ. ಹೋದ ವಾರ ಫೋನ್ ಮಾಡಿ, "ಆಂಟಿ, ಈ ಜಾಬ್‌ಗೆ ಏನಾದ್ರೂ ಟಿಪ್ಸ್ ಇದ್ಯಾ?" ಅಂದೆ. ಟಿಪ್ಸ್ ಅಂತೆ! ಹದಿನೆಂಟು ವರ್ಷದ ಕೆಲಸಾನ ಹಿಂಡಿ ಟಿಪ್ಸ್ ಮಾಡೋಕೆ ನನಗೆ ಬರಲ್ಲ, ಬರೆದು ಕೊಡ್ತೀನಿ ಅಂದೆ. ಕನ್ನಡದಲ್ಲೇ ಬರೀತಿದ್ದೀನಿ. ಇದರಲ್ಲಿ ನಾನು ಮಾಡಿದ ಒಂದು ತಪ್ಪಿದೆ, ಅದನ್ನ ಇಂಗ್ಲಿಷ್‌ನಲ್ಲಿ ಆಗಲೇ ಒಂದು ಸಲ ಬರೆದಾಗಿದೆ. ಓದೋಕೆ ಕಷ್ಟ ಆದ್ರೆ ನಿಮ್ಮಮ್ಮನ ಹತ್ತಿರ ಓದಿಸ್ಕೋ.

ನಿನ್ನ ಮೇಜಿನ ಎಡಗಡೆ ಡ್ರಾಯರ್‌ನಲ್ಲಿ ಒಂದು ಹಸಿರು ಫೈಲ್ ಇದೆ. ನಾನು ಮುಚ್ಚದೆ ಬಿಟ್ಟು ಬಂದಿರೋದು ಅದೊಂದನ್ನೇ. ನಜೀಬ್ ಅನ್ನೋವನದು. ಅವನ ಹೆಂಡತಿ ಫರೀದಾ, ಮಗಳು ಸಾರಾ ಇನ್ನೂ ಕಾಬೂಲ್‌ನಲ್ಲಿದ್ದಾರೆ. ಅವರು ಅಲ್ಲಿ ಉಳಿದಿದ್ದಕ್ಕೆ ದೊಡ್ಡ ದೊಡ್ಡ ಕಾರಣಗಳು ಬೇಕಾದಷ್ಟಿವೆ, ಪೇಪರಲ್ಲೆಲ್ಲ ಬಂದಿವೆ. ಸಣ್ಣ ಕಾರಣ ನಾನು. ಅದನ್ನ ಹೇಳೋಕೇ ಇಷ್ಟೆಲ್ಲ ಬರೀತಿರೋದು.

ಮೊದಲು ಕೆಲಸ ಏನು ಅಂತ ತಿಳ್ಕೋ. ಊರಲ್ಲಿ ಎಂಪಿ ಅಂತೀವಲ್ಲ, ಇಲ್ಲಿನ ಅಂಥ ಒಬ್ಬ ಜನಪ್ರತಿನಿಧಿಯ ಕ್ಷೇತ್ರದ ಆಫೀಸು ಅದು. ಯಾರು, ಯಾವ ಕ್ಷೇತ್ರ ಅಂತ ನಿನಗೆ ಗೊತ್ತು. ಇದನ್ನ ಬೇರೆಯವರೂ ಓದಬಹುದು, ಅದಕ್ಕೇ ಬರೆಯಲ್ಲ. ಜನರ ಹೆಸರುಗಳನ್ನೂ ಬದಲಾಯಿಸಿದ್ದೀನಿ, ಯಾರು ಯಾರು ಅಂತ ನಿನಗೆ ಗೊತ್ತಾಗತ್ತೆ. ಸಾಹೇಬರು ವಾಷಿಂಗ್ಟನ್‌ನಲ್ಲಿ ಭಾಷಣ ಮಾಡ್ತಾರೆ. ನಾವು ದಂತವೈದ್ಯರ ಕ್ಲಿನಿಕ್‌ಗೂ ಡ್ರೈಕ್ಲೀನಿಂಗ್ ಅಂಗಡಿಗೂ ಮಧ್ಯೆ ಕೂತಿರ್ತೀವಿ. ಪಾಸ್‌ಪೋರ್ಟ್ ಬಂದಿಲ್ಲ, ಪಿಂಚಣಿ ನಿಂತಿದೆ, ವೀಸಾ ಎಲ್ಲೋ ಸಿಕ್ಕಿಹಾಕ್ಕೊಂಡಿದೆ ಅಂತ ಜನ ಬರ್ತಾರೆ. ಅವರ ಹತ್ತಿರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸ್ಕೊಂಡು, ಆಯಾ ಇಲಾಖೆಗೆ "ಈ ಅರ್ಜಿ ಎಲ್ಲಿಗೆ ಬಂತು?" ಅಂತ ಕೇಳಬೇಕು. ಕೇಳೋದು ಅಷ್ಟೇ. ಮಾಡಿಸೋ ಅಧಿಕಾರ ನಮಗಿಲ್ಲ.

ಇದನ್ನ ನನ್ನ ತಲೆಗೆ ತುಂಬಿದವಳು ಡೋನಾ, ನನ್ನ ಮೇಲಧಿಕಾರಿ. ನಾರ್ತ್ ಕ್ಯಾರೊಲೈನಾದ ಯಾವುದೋ ಸಣ್ಣ ಊರಿನವಳು. ಮಾತು ಜೇನಿನ ಹಾಗೆ ನಿಧಾನ, ಆದರೆ ಬೈದರೆ ಮೂರು ದಿನ ಉರೀತಿತ್ತು. ಮೊದಲ ದಿನವೇ ನನ್ನನ್ನ ಕೂರಿಸಿ, "ವಸಂತಾ, ಈ ಕೆಲಸದಲ್ಲಿ ಕಷ್ಟದ ವಾಕ್ಯ ಒಂದೇ, 'ನನಗೆ ಗೊತ್ತಿಲ್ಲ' ಅನ್ನೋದು. ಹೇಳಿ ಅಭ್ಯಾಸ ಮಾಡು," ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ನನಗೆ ಅದು ಬರ್ತಿರಲಿಲ್ಲ, ಮೇಘನಾ. ಬರೋ ಹಾಗೆ ನನ್ನನ್ನ ಬೆಳೆಸಿರಲಿಲ್ಲ. ಮೈಸೂರಿನ ನಮ್ಮ ಮನೇಲಿ ಅಕ್ಕಿ ಖಾಲಿಯಾದರೆ ಅಮ್ಮ 'ಇಲ್ಲ' ಅಂತಿರಲಿಲ್ಲ, 'ತುಂಬಿದೆ' ಅಂತಿದ್ದಳು. ಬಳೆ ಒಡೆದರೆ 'ಹೆಚ್ಚಿತು' ಅನ್ನಬೇಕು. ಹೊರಡೋವಾಗ 'ಹೋಗ್ತೀನಿ' ಅಂದ್ರೆ, "ಬಿಡ್ತು ಅನ್ನು! ಬರ್ತೀನಿ ಅನ್ನು," ಅಂತ ಬೈಗುಳ. ಆಸ್ಪತ್ರೇಲಿ ಮಲಗಿರೋರನ್ನ ನೋಡೋಕೆ ಹೋದರೆ, ಡಾಕ್ಟರು ಕೈಚೆಲ್ಲಿದ್ದರೂ, "ಏನೂ ಆಗಲ್ಲ, ಎಲ್ಲಾ ಸರಿಹೋಗತ್ತೆ," ಅಂತ ಹೇಳಿ, ಮೂಸಂಬಿ ಇಟ್ಟು ಬರಬೇಕು. ಅದು ಸುಳ್ಳು ಅಂತ ಯಾರಿಗೂ ಅನ್ನಿಸ್ತಿರಲಿಲ್ಲ. ಹೇಳೋವರಿಗೂ ಗೊತ್ತು, ಕೇಳೋವರಿಗೂ ಗೊತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಡಾಕ್ಟರಮ್ಮ ಬಂದಿದ್ದರು. ಹೆರಿಗೆಗೆ ಹತ್ತು ದಿನ ಇತ್ತು, ಅವರ ತಾಯಿಯ ವೀಸಾ ಬಂದಿರಲಿಲ್ಲ. ನನ್ನ ಮುಂದೆ ಕೂತು ಅಳೋಕೆ ಶುರು ಮಾಡಿದರು. "ಅಳಬೇಡಿ, ಆಗತ್ತೆ, ನಾನಿದ್ದೀನಲ್ಲ," ಅಂದುಬಿಟ್ಟೆ. ಆಯ್ತು ಕಣೇ! ನಾಲ್ಕನೇ ದಿನ ವೀಸಾ ಬಂತು. ಆ ತಾಯಿ ಬಂದಿಳಿದ ಮೇಲೆ ಒಂದು ಡಬ್ಬಿ ಚಕ್ಕುಲಿ ಹಿಡ್ಕೊಂಡು ಆಫೀಸಿಗೇ ಬಂದರು. ನಮ್ಮಲ್ಲಿ ಉಡುಗೊರೆ ತಗೊಳ್ಳೋ ಹಾಗಿಲ್ಲ. ಡಬ್ಬಿ ವಾಪಸ್ ಕೊಟ್ಟರೆ ಆಕೆ, "ಒಂದರ ತಿನ್ರಿ, ನನ್ನ ಕೈಯಾರೆ ಮಾಡೇನಿ," ಅಂತ ಅಲ್ಲಿಂದ ಕದಲಲೇ ಇಲ್ಲ. ಕೊನೆಗೆ ಡೋನಾನೇ ಒಂದು ಚಕ್ಕುಲಿ ಮುರಿದು ಬಾಯಿಗೆ ಹಾಕ್ಕೊಂಡು ಡಬ್ಬಿ ಮುಚ್ಚಿ ಕಳಿಸಿದಳು. ಆಮೇಲೆ ನನ್ನನ್ನ ಒಳಗೆ ಕರೆದು, "ಆ ವೀಸಾ ನೀನು ಕೊಡಿಸಿದ್ದಲ್ಲ. ಅದೃಷ್ಟ ಚೆನ್ನಾಗಿತ್ತು ಅಷ್ಟೇ. ಇನ್ನೊಂದು ಸಲ ಆ ಮಾತು ಹೇಳಬೇಡ," ಅಂದಳು. ತಲೆ ಆಡಿಸಿದೆ. ಮನಸ್ಸಲ್ಲಿ ಮಾತ್ರ, ಒಂದು ಸಮಾಧಾನದ ಮಾತಿಗೆ ಇವಳದ್ದೆಂಥ ಜಿಪುಣತನ ಅಂದ್ಕೊಂಡೆ.

ಆಗೆಲ್ಲ ಕಾಗದದ ಫೈಲು. ಕೆಂಪು ಅಂದ್ರೆ ಹೊಸದು, ನೀಲಿ ಅಂದ್ರೆ ಮುಗಿದದ್ದು, ಹಸಿರು ಅಂದ್ರೆ ಕಾಯ್ತಾ ಇರೋದು. ಇಪ್ಪತ್ತರಲ್ಲಿ ಕೋವಿಡ್ ಬಂದು ಎಲ್ಲರೂ ಮನೆ ಸೇರಿದಾಗ ಎಲ್ಲಾನೂ ಕಂಪ್ಯೂಟರ್‌ಗೆ ಹಾಕಿದರು. ಅದರಲ್ಲಿ ಎರಡೇ ಬಗೆ, ಓಪನ್ ಅಥವಾ ಕ್ಲೋಸ್ಡ್. ಇಲಾಖೆಯಿಂದ "ಅರ್ಜಿ ಪರಿಶೀಲನೆಯಲ್ಲಿದೆ" ಅಂತ ಒಂದು ಸಾಲು ಬಂದರೂ ಸಾಕು, ಕ್ಲೋಸ್ಡ್ ಅಂತ ಒತ್ತಬೇಕು. ತಿಂಗಳ ಕೊನೇಲಿ ಎಷ್ಟು ಕೇಸು ಮುಗಿಸಿದ್ವಿ ಅಂತ ಸಾಹೇಬರ ಪತ್ರದಲ್ಲಿ ಬರಬೇಕಲ್ಲ! ಡೋನಾ ಆ ಕೋಪಕ್ಕೆ ತನ್ನ ಹಸಿರು ಫೈಲುಗಳನ್ನ ಕಾರಿನ ಡಿಕ್ಕೀಲಿ ತುಂಬ್ಕೊಂಡು ಮನೆಗೆ ಒಯ್ದಳು. ನನಗೂ ಅರ್ಧ ಕೊಟ್ಟಳು. ನಮ್ಮ ಊಟದ ಮೇಜಿನ ಮೇಲೆ ಎರಡು ವರ್ಷ ಅವೇ ಇದ್ದವು. ನಾವು ಅಡಿಗೆಮನೆ ಕಟ್ಟೆ ಮೇಲೆ ಊಟ ಮಾಡ್ತಿದ್ವಿ.

ನಜೀಬ್‌ನ ಫೈಲ್ ಆ ರಾಶಿಯಲ್ಲಿತ್ತು. ಅವನು ಅಲ್ಲಿ ಈ ದೇಶದ ಸೈನ್ಯದವರ ಜೊತೆ ದುಭಾಷಿಯಾಗಿ ಆರು ವರ್ಷ ಕೆಲಸ ಮಾಡಿ, ವೀಸಾ ಸಿಕ್ಕಿ ಇಲ್ಲಿಗೆ ಬಂದವನು. ಡೇಟಾ ಸೆಂಟರೊಂದರಲ್ಲಿ ಸೆಕ್ಯುರಿಟಿ ಕೆಲಸ. ಕೋವಿಡ್‌ಗೆ ಒಂದು ವರ್ಷ ಮುಂಚೆ ಕಾಬೂಲ್‌ಗೆ ಹೋಗಿ ಮದುವೆಯಾಗಿ ಬಂದ, ಹೆಂಡತಿಗೆ ಅರ್ಜಿ ಹಾಕಿದ. ಮಗು ಹುಟ್ಟಿತು, ಅದನ್ನೂ ಅರ್ಜಿಗೆ ಸೇರಿಸಿದ. ಉಳಿದಿದ್ದು ಒಂದು ಸಂದರ್ಶನ. ಕೋವಿಡ್ ಅಂತ ಸಂದರ್ಶನಗಳೇ ನಿಂತುಹೋದವು. ತಿಂಗಳ ಮೊದಲ ಸೋಮವಾರ ಹತ್ತು ಗಂಟೆಗೆ ಸರಿಯಾಗಿ ಫೋನ್ ಮಾಡ್ತಿದ್ದ. "ಗುಡ್ ಮಾರ್ನಿಂಗ್ ಮೇಡಂ, ಎನಿ ನ್ಯೂಸ್?" ಅಷ್ಟೇ ಮಾತು. ಗಡಿಯಾರದ ಬದಲು ಅವನನ್ನೇ ನಂಬಬಹುದಿತ್ತು.

ಇನ್ನು ಮೇಲಿನವರ ವಿಷಯ. ವಾಷಿಂಗ್ಟನ್ ಆಫೀಸಿನ ಮುಖ್ಯಸ್ಥ ಟೈಲರ್ ಅಂತ. ಕೆಟ್ಟವನಲ್ಲ, ಆದರೆ ಅವನಿಗೆ ಲೋಕವೆಲ್ಲ ಒಂದು ಕೋಷ್ಟಕ. ವಾರಕ್ಕೊಂದು ರಿಸ್ಕ್ ಶೀಟ್ ಕಳಿಸಬೇಕು ಅಂತ ನಮಗೆ ಹಚ್ಚಿದ. ಎಡಗಡೆ, ಸಾಹೇಬರು ಒಂದು ವಿಷಯಕ್ಕೆ ಹೂಂ ಅಂದ್ರೆ ಏನು ಕಳ್ಕೋತಾರೆ. ಬಲಗಡೆ, ಊಹೂಂ ಅಂದ್ರೆ ಏನು ಕಳ್ಕೋತಾರೆ. ಯಾರಿಗಾದರೂ ಏನಾದರೂ ಸಿಗತ್ತೆ ಅನ್ನೋದಕ್ಕೆ ಕಾಲಮ್ಮೇ ಇರಲಿಲ್ಲ.

ಆ ವರ್ಷ ಶೀಟಿನಲ್ಲಿ ಮೇಲಿದ್ದ ವಿಷಯ ವಲಸೆ ಸುಧಾರಣೆ. ಗ್ರೀನ್ ಕಾರ್ಡ್‌ಗೆ ಹದಿನೈದು ಇಪ್ಪತ್ತು ವರ್ಷದಿಂದ ಸಾಲಿನಲ್ಲಿ ನಿಂತಿರೋ ನಮ್ಮವರು, ಇಲ್ಲೇ ಬೆಳೆದ ಅವರ ಮಕ್ಕಳು, ಇವರಿಗೆಲ್ಲ ದಾರಿ ಮಾಡೋ ಮಸೂದೆ. ನಿಮ್ಮ ಬೀದಿಯ ಪ್ರಕಾಶ್ ಅಂಕಲ್ ನಿನಗೆ ಗೊತ್ತಲ್ಲ. ಅವರ ಮಗಳು ಅನಘಾ ನಾಲ್ಕು ವರ್ಷದವಳಿದ್ದಾಗ ಬಂದಿದ್ದು. ಇಪ್ಪತ್ತೊಂದು ತುಂಬಿದ ದಿನ ಅಪ್ಪನ ಅರ್ಜಿಯಿಂದ ಅವಳ ಹೆಸರು ಬಿದ್ದುಹೋಗತ್ತೆ, ಈ ದೇಶದಲ್ಲಿ ಇರೋ ಹಕ್ಕೇ ಹೋಗತ್ತೆ. ನಾನು ಶೀಟಿನ ಬಲಗಡೆ ಅನಘಾಳ ವಿಷಯ ಬರೆದೆ. ಟೈಲರ್ ಫೋನ್ ಮಾಡಿ, "ವಸಂತಾ, ಇವರು ನಿಮ್ಮ ಜನಾನಾ?" ಅಂದ. ಮೃದುವಾಗೇ ಕೇಳಿದ. ಆದರೆ ಕಪಾಳಕ್ಕೆ ಹೊಡೆದ ಹಾಗಾಯ್ತು ನನಗೆ. ಹೌದು ಅಂದ್ರೆ ಪಕ್ಷಪಾತ, ಅಲ್ಲ ಅಂದ್ರೆ ಸುಳ್ಳು. ಸಾಹೇಬರು ಆ ಮಸೂದೆಯ ಬೆಂಬಲಿಗರ ಪಟ್ಟಿಗೆ ತಮ್ಮ ಹೆಸರು ಕೊಡಲಿಲ್ಲ. ಸಮಯ ಸರಿಯಿಲ್ಲ ಅಂದರಂತೆ.

ಪ್ರಕಾಶ್‌ಗೂ ನಾನು "ಏನಾದ್ರೂ ಆಗತ್ತೆ, ಯೋಚನೆ ಮಾಡಬೇಡಿ," ಅಂದಿದ್ದೆ. ಅವರು "ಹೂಂ, ನಿಮ್ಮ ಬಾಯಿ ಹರಕೆ," ಅಂತ ಹೇಳಿ, ಅದೇ ಸಂಜೆ ಮಗಳಿಗೆ ಕೆನಡಾದ ಕಾಲೇಜಿಗೆ ಅಪ್ಲೈ ಮಾಡಿಸಿದರು. ಅವಳು ಹೋದಳು. ಪ್ರಕಾಶ್ ನನ್ನ ಮೇಲೆ ಸಿಟ್ಟಾಗಲಿಲ್ಲ. ಅವರೂ ನನ್ನ ಊರಿನವರೇ, ಆ ಮಾತಿನ ತೂಕ ಎಷ್ಟು ಅಂತ ಅವರಿಗೆ ಗೊತ್ತಿತ್ತು. ಆಗಲಾದರೂ ನಾನು ಎಚ್ಚೆತ್ತುಕೋಬೇಕಿತ್ತು.

ಆಮೇಲೆ ಇಪ್ಪತ್ತೊಂದರ ಆಗಸ್ಟ್. ಕಾಬೂಲ್ ಬಿತ್ತು. ಆ ಎರಡು ವಾರ ಹೇಗಿತ್ತು ಅಂತ ಕೇಳಬೇಡ. ಫೋನ್ ಇಟ್ಟ ತಕ್ಷಣ ಮತ್ತೆ ಹೊಡ್ಕೊಳ್ತಿತ್ತು. ಸೈನ್ಯದಲ್ಲಿದ್ದ ಗಂಡಸರು, ತಮ್ಮ ದುಭಾಷಿಯ ಹೆಸರು ಹೇಳೋಕೆ ಫೋನ್ ಮಾಡಿ ಬಿಕ್ಕಿ ಬಿಕ್ಕಿ ಅಳ್ತಿದ್ದರು. ನಾವು ಹೆಸರು, ಪಾಸ್‌ಪೋರ್ಟ್ ನಂಬರ್, ಫೋನ್ ನಂಬರ್ ಬರ್ಕೊಂಡು ವಿದೇಶಾಂಗ ಇಲಾಖೆಗೆ ಕಳಿಸೋದು. ಅಲ್ಲಿಂದ ಆ ಕುಟುಂಬಕ್ಕೆ ಮೇಲ್ ಬಂದರೆ ವಿಮಾನ ನಿಲ್ದಾಣಕ್ಕೆ ಹೋಗಬಹುದು. ಬರದಿದ್ದರೆ ಇಲ್ಲ. ನಾವು ಕಳಿಸಿದ ಪಟ್ಟಿಯನ್ನ ಅಲ್ಲಿ ಯಾರಾದರೂ ಓದ್ತಿದ್ದಾರಾ ಅಂತಲೂ ನಮಗೆ ಗೊತ್ತಿರಲಿಲ್ಲ.

ಮೊದಲ ವಾರದ ಕೊನೆಗೆ ಟೈಲರ್ ಶೀಟ್ ಕೇಳಿದ. ಅಂಥಾ ವಾರದಲ್ಲೂ! ಈ ಸಲ ಒಂದೇ ಹಾಳೆಯಲ್ಲಿ ಎರಡೂ ಬೇಕಿತ್ತು, ವಲಸೆ ಮಸೂದೆ ಮತ್ತು ಯುದ್ಧ. ನಮ್ಮದೇ ಪಕ್ಷದ ಸರ್ಕಾರ ಸೈನ್ಯಾನ ವಾಪಸ್ ಕರೆಸ್ಕೊಂಡ ರೀತಿಯನ್ನ ಸಾಹೇಬರು ಬಹಿರಂಗವಾಗಿ ಟೀಕಿಸಿದರೆ ಏನು ನಷ್ಟ, ಸುಮ್ಮನಿದ್ದರೆ ಏನು ನಷ್ಟ? ಅಲ್ಲಿಂದ ಬರೋ ನಿರಾಶ್ರಿತರ ಪರ ಮಾತಾಡಿದರೆ, ಮುಂದೆ ವಲಸೆ ಅನ್ನೋ ಪದಕ್ಕೇ ಮತದಾರರು ಸಿಡುಕ್ತಾರಾ? ನಾನು ಬಲಗಡೆ ಕಾಲಮ್ಮಿನಲ್ಲಿ ಬರೆದೆ: ಫರೀದಾ, ವಯಸ್ಸು ಇಪ್ಪತ್ತಾರು. ಸಾರಾ, ಒಂದೂವರೆ ವರ್ಷ. ಟೈಲರ್ ಆ ಸಾಲನ್ನ ಅಳಿಸಿ ವಾಪಸ್ ಕಳಿಸಿದ. ಪಕ್ಕದಲ್ಲಿ, "ಇದು ರಿಸ್ಕ್ ಅಲ್ಲ, ಇದು ಕೇಸ್," ಅಂತ ಬರೆದಿದ್ದ.

ಅದಾದ ಸೋಮವಾರ ಬೆಳಿಗ್ಗೆ ನಜೀಬ್ ಫೋನ್ ಮಾಡಿದ. ಅದು ತಿಂಗಳ ಮೊದಲ ಸೋಮವಾರ ಅಲ್ಲ. ಅವನ ಧ್ವನಿ ಮಾತ್ರ ಸಮಾಧಾನವಾಗಿತ್ತು. "ಮೇಡಂ, ನನ್ನ ಕಸಿನ್ ಕಾರಿನಲ್ಲಿ ಪಾಕಿಸ್ತಾನದ ಗಡಿಗೆ ಹೋಗ್ತಿದ್ದಾನೆ. ಇನ್ನು ನಾಲ್ಕು ಗಂಟೇಲಿ ಹೊರಡ್ತಾನೆ. ಫರೀದಾಗೆ, ಮಗುಗೆ ಜಾಗ ಇದೆ. ಆದರೆ ಹೋದರೆ, ಮೇಲ್ ಬಂದಾಗ ಅವರು ಕಾಬೂಲ್‌ನಲ್ಲಿ ಇರಲ್ಲ. ಹೋಗು ಅನ್ನಲಾ, ಕಾಯಿ ಅನ್ನಲಾ?"

ನನಗೇನು ಗೊತ್ತಿತ್ತು? ಮಣ್ಣು! ಗೊತ್ತಿಲ್ಲ ಅನ್ನಬೇಕಿತ್ತು. ಇಂಗ್ಲಿಷ್‌ನಲ್ಲಿ ಮೂರು ಪದ, ನಮ್ಮಲ್ಲಿ ಒಂದೇ. ಆದರೆ ಅವನ ಹಿಂದೆ ಇನ್ನೊಂದು ಫೋನಿನ ಸ್ಪೀಕರ್‌ನಿಂದ ಮಗು ಅಳೋದು ಕೇಳಿಸ್ತಿತ್ತು. ಹೆಂಡತಿ ಆ ಕಡೆ ಲೈನಿನಲ್ಲಿ ಕಾಯ್ತಿದ್ದಳು ಅಂತ ಕಾಣತ್ತೆ. ನನ್ನ ಬಾಯಿಂದ ತಾನಾಗೇ ಬಂತು, "ಯೋಚನೆ ಮಾಡಬೇಡ ನಜೀಬ್. ಆಗತ್ತೆ. ಎಲ್ಲಾ ಸರಿಹೋಗತ್ತೆ." ಇಂಗ್ಲಿಷ್‌ನಲ್ಲೇ ಹೇಳಿದೆ. ಆದರೆ ಹೇಳಿದ್ದು ಮೈಸೂರಿನ ಆಸ್ಪತ್ರೆಯ ಮಂಚದ ಪಕ್ಕ ನಿಂತ ನಮ್ಮಮ್ಮ.

"ಥ್ಯಾಂಕ್ ಯೂ ಮೇಡಂ," ಅಂದ. ಫೋನ್ ಇಡೋಕೆ ಮುಂಚೆ ಇನ್ನೊಂದು ಫೋನಿಗೆ ಅವನ ಭಾಷೇಲಿ ಏನೋ ಹೇಳಿದ. ನಾನು ಮುಂದಿನ ಕಾಲ್ ಎತ್ಕೊಂಡೆ.

ಕಾರು ಹೋಯ್ತು. ಅವರು ಹೋಗಲಿಲ್ಲ. ಮೇಲ್ ಬರಲಿಲ್ಲ. ಆ ಗುರುವಾರ ವಿಮಾನ ನಿಲ್ದಾಣದ ಗೇಟಿನಲ್ಲಿ ಬಾಂಬ್ ಸಿಡೀತು, ಮುಂದಿನ ಸೋಮವಾರ ಕೊನೆಯ ವಿಮಾನವೂ ಹೊರಟುಹೋಯ್ತು. ಕಸಿನ್ ಗಡಿ ದಾಟಿದ. ಅವನ ಸಂಸಾರ ಈಗ ಜರ್ಮನಿಯಲ್ಲಿದೆ, ಹೆಣ್ಣುಮಕ್ಕಳಿಬ್ಬರೂ ಸ್ಕೂಲಿಗೆ ಹೋಗ್ತಿದ್ದಾರೆ.

ಆ ವಾರ ಮುಗಿದ ಮೇಲೆ ಡೋನಾ ಒಂದೊಂದೇ ಫೈಲ್ ಹಿಡಿದು ಫೋನಿನಲ್ಲಿ ಕೇಳ್ತಾ ಬಂದಳು. ನಜೀಬ್‌ನ ಸರದಿ ಬಂದಾಗ, ಕಾರಿನ ವಿಷಯ ಹೇಳಿದೆ. "ನೀನು ಏನು ಹೇಳಿದೆ? ನೀನು ಆಡಿದ ಪದಗಳನ್ನೇ ಹೇಳು," ಅಂದಳು. ಹೇಳಿದೆ. ಬೈದಿದ್ರೆ ಚೆನ್ನಾಗಿತ್ತು. "ಫೈಲಿನಲ್ಲಿ ಬರೆ. ಹಾಗೇ ಬರೆ," ಅಂದಳು ಅಷ್ಟೇ. ಬರೆದೆ. ಹಸಿರು ಫೈಲಿನ ಹನ್ನೊಂದನೇ ಹಾಳೆ ನೋಡು, ನನ್ನ ಕೈಬರಹ. ಇಂಗ್ಲಿಷ್‌ನಲ್ಲಿ ಒಂದು ಸಲ ಬರೆದಾಗಿದೆ ಅಂದಿದ್ದು ಅದನ್ನೇ.

ಡೋನಾ ಮುಂದಿನ ವರ್ಷ ನಿವೃತ್ತಿ ತಗೊಂಡು ಅವಳ ಊರಿಗೆ ಹೋದಳು. ನಜೀಬ್ ಮಾತ್ರ ಬಿಡಲಿಲ್ಲ. ಮೊದಲ ಸೋಮವಾರ, ಹತ್ತು ಗಂಟೆ, "ಎನಿ ನ್ಯೂಸ್?" ರಜೆ ಇದ್ದರೆ ಮಂಗಳವಾರ. ನಾನು ಕಲಿತಿದ್ದೆ. "ಸುದ್ದಿ ಇಲ್ಲ ನಜೀಬ್. ಯಾವಾಗ ಅಂತ ಗೊತ್ತಿಲ್ಲ," ಅಂತಿದ್ದೆ. ಪ್ರತಿ ಸಲ ಆ 'ಇಲ್ಲ' ಹೇಳೋವಾಗ ನಾಲಿಗೆ ಕಚ್ಚಿದ ಹಾಗಾಗ್ತಿತ್ತು. ಅಲ್ಲಿ ಹೊಸ ಆಡಳಿತದಲ್ಲಿ ಗಂಡಸು ಜೊತೆಗಿಲ್ಲದೆ ಫರೀದಾ ಊರು ದಾಟೋ ಹಾಗಿರಲಿಲ್ಲ. ಜೊತೆಗೆ ಬರಬಹುದಾಗಿದ್ದ ಮಾವ ತೀರಿಕೊಂಡರು. ಪಾಸ್‌ಪೋರ್ಟ್ ಆಫೀಸ್ ತಿಂಗಳುಗಟ್ಟಲೆ ಮುಚ್ಚಿತ್ತು. ಸಾರಾಗೆ ಮೊದಲ ಹಲ್ಲು ಬಿತ್ತು ಅಂತ ಅವನು ಫೋಟೋ ಕಳಿಸಿದ. ಅದೂ ಫೈಲಿನಲ್ಲಿದೆ.

ಕೊನೆಗೆ ಇಪ್ಪತ್ತೈದರಲ್ಲಿ ಸಂದರ್ಶನಕ್ಕೆ ದಿನ ಸಿಕ್ಕಿತು, ಕಾಬೂಲ್‌ನ ರಾಯಭಾರ ಕಚೇರಿ ಮುಚ್ಚಿದ್ದರಿಂದ ಪಾಕಿಸ್ತಾನದ ಇಸ್ಲಾಮಾಬಾದ್‌ನಲ್ಲಿ. ನಜೀಬ್ ಆ ದಿನ ಮೊದಲ ಸಲ ನಕ್ಕಿದ್ದು ಕೇಳಿದೆ. ಕರ್ಕೊಂಡು ಹೋಗೋಕೆ ಒಪ್ಪಿದ ಅವಳ ಚಿಕ್ಕಪ್ಪನ ಜೊತೆ ಫರೀದಾ ಹೊರಡೋ ತಯಾರಿ ನಡೀತಿತ್ತು. ಅಷ್ಟರಲ್ಲಿ ಹೊಸ ಆದೇಶ ಬಂತು, ಫರೀದಾಳ ದೇಶದವರಿಗೆ ಈ ದೇಶಕ್ಕೆ ಪ್ರವೇಶವಿಲ್ಲ ಅಂತ. ನಜೀಬ್‌ನಂಥವರ ಹೆಂಡತಿ ಮಕ್ಕಳಿಗೆ ಏನೋ ವಿನಾಯಿತಿ ಇದೆ ಅಂದರು, ಆಮೇಲೆ ಖಚಿತವಿಲ್ಲ ಅಂದರು, ದಿನ ಮುಂದೂಡಿದರು, ಮತ್ತೆ ಕೊಡಲೇ ಇಲ್ಲ. ಆಗ ಅವನು, "ಆಗತ್ತಾ ಮೇಡಂ?" ಅಂದ. ಅಷ್ಟು ವರ್ಷದಲ್ಲಿ ಆ ಪದ ಅವನ ಬಾಯಲ್ಲಿ ಬಂದಿದ್ದು ಅದೇ ಮೊದಲು. "ನನಗೆ ಗೊತ್ತಿಲ್ಲ," ಅಂದೆ.

ನನ್ನ ಕೊನೆಯ ಕೆಲಸದ ದಿನ ಒಂದು ಮೊದಲ ಸೋಮವಾರವೇ ಬರೋ ಹಾಗೆ ನೋಡ್ಕೊಂಡೆ. ಹತ್ತು ಗಂಟೆಗೆ ಫೋನ್ ಬಂತು. ಸುದ್ದಿ ಇಲ್ಲ ಅಂತ ಹೇಳಿ, ಇವತ್ತು ನನ್ನ ಕೊನೇ ದಿನ ಅಂದೆ. ಅವನು ಶುಭ ಹಾರೈಸಿದ, ನನ್ನ ಆರೋಗ್ಯ ಕೇಳಿದ. ಆಮೇಲೆ ಕೇಳಿದ, "ಮೇಡಂ, ಒಂದು ವಿಷಯ. ಆ ಕಾರಿನ ದಿನ, ನೀವು ಆಗತ್ತೆ ಅಂದ್ರಿ. ಇಲಾಖೆ ಒಳಗಿಂದ ಏನೋ ಗೊತ್ತಾಗಿತ್ತು, ಅಲ್ವಾ? ಅವರ ಹೆಸರು ಪಟ್ಟಿಯಲ್ಲಿತ್ತು, ಆಮೇಲೆ ಏನೋ ತಪ್ಪಾಯ್ತು, ಅಲ್ವಾ?"

ನಾಲ್ಕು ವರ್ಷಕ್ಕೂ ಮೇಲೆ ಅವನು ಹಾಗಂತ ನಂಬಿದ್ದ, ಮೇಘನಾ. ಆಫೀಸಿನ ಮೇಡಂಗೆ ಏನೋ ತಿಳಿದಿತ್ತು, ಅದಕ್ಕೇ ಹೇಳಿದಳು ಅಂತ. ಹೌದು ಅಂದುಬಿಡಬಹುದಿತ್ತು. ಅವನಿಗೂ ನಿದ್ದೆ ಬರ್ತಿತ್ತು, ನನಗೂ.

"ಇಲ್ಲ ನಜೀಬ್. ನನಗೆ ಏನೂ ಗೊತ್ತಿರಲಿಲ್ಲ. ನಮ್ಮ ಮನೇಲಿ ಕಷ್ಟದಲ್ಲಿರೋರಿಗೆ ಹಾಗೆ ಹೇಳ್ತೀವಿ. ಅದಕ್ಕೆ ಹೇಳಿದೆ. ನನ್ನದು ತಪ್ಪು. ಕ್ಷಮಿಸು."

ಅವನು ಎಂದಿನ ಸಮಾಧಾನದ ಧ್ವನಿಯಲ್ಲೇ ಹೇಳಿದ, "ನಮ್ಮಮ್ಮನೂ ಹಾಗೇ ಹೇಳ್ತಾಳೆ ಮೇಡಂ. ಅಮ್ಮ ಹೇಳಿದ್ದಿದ್ರೆ ನಾನು ಫರೀದಾನ ಕಾರಿಗೆ ಹತ್ತಿಸ್ತಿದ್ದೆ. ನೀವು ಆಫೀಸಿಂದ ಹೇಳಿದ್ರಿ."

ಫೋನ್ ಇಟ್ಟ.

ಅವನು ಇನ್ನು ಫೋನ್ ಮಾಡ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಕಂಪ್ಯೂಟರ್‌ನಲ್ಲಿ ಆ ಕೇಸ್ ಕ್ಲೋಸ್ಡ್ ಅಂತಲೇ ಇರತ್ತೆ, ಅದನ್ನ ನಂಬಬೇಡ, ಡ್ರಾಯರ್ ನೋಡು. ತಿಂಗಳ ಮೊದಲ ಸೋಮವಾರ ಹತ್ತು ಗಂಟೆಗೆ ಮುಂಚೆ ಕಾಫಿ ತಂದಿಟ್ಕೊಂಡು ಕುರ್ಚೀಲಿ ಕೂತಿರು. ಫೋನ್ ಬಂದರೆ ಮೊದಲನೇ ರಿಂಗಿಗೇ ಎತ್ತು. ಸುದ್ದಿ ಇದ್ದರೆ ಹೇಳು. ಇಲ್ಲದಿದ್ದರೆ, ಇಲ್ಲ ಅನ್ನು.